ಗೆರೆ ಮುಟ್ಟಿದ ಕೊಳವೆ

ವರದಿ ಎರಡು, ಹೆಂಗಸು ಒಬ್ಬಳೇ. ಕಿಡ್ನಿ ಸೋತರೆ ಏರುವ ಯೂರಿಕ್ ಆಸಿಡ್ ಒಂದರಲ್ಲಿ ಐದು. ಇನ್ನೊಂದರಲ್ಲಿ ಒಂಬತ್ತೂವರೆ. ನಡುವೆ ನಾಲ್ಕೇ ದಿನ.

ವಾರ್ಡಿನ ದೊಡ್ಡ ನರ್ಸು ಎರಡನ್ನೂ ಮಂಚದ ಮೇಲೆ ಬಡಿದಳು. ಮಲಗಿದ್ದ ಟೀಚರಮ್ಮನಿಗೆ ಲೂಪಸ್. ಮೈ ಕಾಯಬೇಕಾದದ್ದೇ ಮೈಯನ್ನು ಕಚ್ಚುವ ರೋಗ. ಈಗ ಕಿಡ್ನಿಗೂ ಬಾಯಿ ಹಾಕಿತ್ತು. ಕಾಲು ಊದಿ ಕಂಬವಾಗಿತ್ತು. ಮೂರು ತಿಂಗಳಿಂದ ವರದಿ ಚೆನ್ನಾಗಿದೆಯೆಂದೇ ಡಾಕ್ಟರು ಮಾತ್ರೆ ಅರ್ಧಕ್ಕಿಳಿಸಿದ್ದರು.

“ಮನೇಲಿ ಮಾತ್ರೆ ಕೊಡೋದ್ಯಾರು?”

“ನಾನೇ,” ಎಂದಳು ಅತ್ತೆ. “ಸೊಸೆ ಕಿಡ್ನಿ ತಿಂದೋಳ ಥರ ನೋಡಬೇಡಮ್ಮ. ಬೇಕಾದ್ರೆ ಎಣಿಸ್ಕೋ.”

ನರ್ಸು ಎಣಿಸಿದಳು. ಲೆಕ್ಕ ಸರಿಯಿತ್ತು. ಲ್ಯಾಬಿಗೆ ಫೋನು ಮಾಡಿದಳು. ಯಂತ್ರವೂ ಸರಿಯಿತ್ತು.

* * *

ಒಂಬತ್ತೂವರೆ ಬಂದದ್ದು ಬೆಳಿಗ್ಗೆ ಡಾಕ್ಟರು ತೊಡೆಯಿಂದ ತೆಗೆದ ರಕ್ತದಲ್ಲಿ. ಖಾತ್ರಿಗೆಂದು ನರ್ಸು ಈಗ ಟೀಚರಮ್ಮನ ತೋಳು ಹಿಡಿದಳು. ನರ ಕೂದಲೆಳೆ. ಐದು ಸಲ ಚುಚ್ಚಿದರೂ ಕೊಳವೆಯ ತಳ ಮಾತ್ರ ಒದ್ದೆ.

ತಟ್ಟನೆ ತಲೆಯೆತ್ತಿದಳು. “ಮನೇಲಿ ರಕ್ತ ತೆಗೆಯೋದ್ಯಾರು?”

“ಲ್ಯಾಬಿನವನು, ಸೊಳ್ಳೆ ಅಂತ ಕರೀತೀವಿ,” ಟೀಚರಮ್ಮ ನಕ್ಕಳು. “ಬೀದಿಗೆಲ್ಲ ಅವನೇ. ಕಚ್ಚಿದ್ದೇ ಗೊತ್ತಾಗಲ್ಲ. ನಂದು ನಾಲ್ಕು ಹನಿ ಬಂದ್ರೆ ಸಾಕು ಅಂತಾನೆ.”

ಲ್ಯಾಬಿನ ಫ್ರಿಜ್ಜಿನಲ್ಲಿ ಹಳೆಯ ಕೊಳವೆಗಳನ್ನು ಒಂದು ವಾರ ಇಡುತ್ತಾರೆ. ನಾಲ್ಕು ದಿನದ ಹಿಂದಿನ ಅವಳದೂ ಇತ್ತು. ನಾಲ್ಕು ಹನಿಯಲ್ಲ, ಅಳತೆಯ ಗೆರೆಯವರೆಗೆ ತುಂಬಿತ್ತು.

* * *

ಸೊಳ್ಳೆ ಬಂದ. ನಲವತ್ತರ ಸಾಧು ಮನುಷ್ಯ. ಸೆಖೆಯಲ್ಲೂ ತುಂಬುತೋಳಿನ ಅಂಗಿ.

“ತೋಳು ಏರಿಸು.”

“ಯಾಕೆ ಸಿಸ್ಟರ್?”

“ಅವಳದು ಓ ಗುಂಪು. ಕೊಳವೇಲಿ ಓ ಜೊತೆ ಎ ಕೂಡ ಸಿಕ್ಕಿದೆ. ನಿಂದ್ಯಾವುದು, ಬೊಗಳು.”

ಏರಿಸಿದ. ಎಡಗೈ ಮಡಿಕೆಯಲ್ಲಿ ಸೂಜಿಯ ಚುಕ್ಕೆಗಳ ಸಾಲು.

“ಗೆರೆ ಮುಟ್ಟದಿದ್ರೆ ಲ್ಯಾಬಿನವರು ವಾಪಸ್ ಕಳಿಸ್ತಾರೆ. ಮತ್ತೆ ಚುಚ್ಚಬೇಕು. ಟೀಚರಮ್ಮ ಅಳ್ತಾರೆ. ಅದಕ್ಕೆ...”

“ಅದಕ್ಕೆ ನಿನ್ನ ರಕ್ತ ಬೆರೆಸಿದೆ. ಕತ್ತೆ. ಹೀರೋ ಸೊಳ್ಳೆ ನೋಡಿದ್ದೆ, ಕೊಡೋ ಸೊಳ್ಳೆ ಇವತ್ತೇ ನೋಡಿದ್ದು. ಅವಳ ಒಂಬತ್ತೂವರೆ ನಿನ್ನ ರಕ್ತದಲ್ಲಿ ಕರಗಿ ಐದಾಯ್ತು. ಐದು ನೋಡಿ ಮಾತ್ರೆ ಇಳೀತು. ಮಾತ್ರೆ ಇಳಿದು ಕಿಡ್ನಿ ಕೆಟ್ಟಿತು.”

“ಪೂರ್ತಿ ಕೆಟ್ಟಿಲ್ಲ,” ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಹೇಳಿದರು. “ಇವತ್ತಿಂದಲೇ ಪೂರ್ತಿ ಮಾತ್ರೆ. ಉಳಿಸ್ಕೋಬಹುದು.”

ಸೊಳ್ಳೆ ಅಂಗಿಯ ತೋಳು ಇಳಿಸಿಕೊಂಡ. ಟೀಚರಮ್ಮ ಹಳೆಯ ವರದಿಯನ್ನು ಅವನ ಕೈಗಿಟ್ಟಳು.

“ತಗೋ. ಕಿಡ್ನಿ ಚೆನ್ನಾಗಿದೆಯಂತೆ. ನಿಂದು.”