ಚಂದ್ರಿಕೆ ಬುಕಿಂಗ್

ಅವಳ ಮನೆಯ ಜಗಲಿ ಮೇಲೆ, ನಾನು ಯಾವಾಗಲೂ ಕೂರುವ ಜಾಗದಲ್ಲಿ, ಇಸ್ತ್ರಿ ಶರ್ಟಿನವನೊಬ್ಬ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ.

ಜ್ಯೋತಿಲಕ್ಷ್ಮಿ ಪಕ್ಕದಲ್ಲಿ ಬಗ್ಗಿ ಸ್ಕ್ರೀನ್ ನೋಡುತ್ತಿದ್ದಳು. ಜಡೆ ಮುಂದಕ್ಕೆ ಜಾರಿತ್ತು. ಅದನ್ನು ಹಿಂದಕ್ಕೆ ಹಾಕಿಕೊಳ್ಳುವಾಗ ನನ್ನ ಕಡೆ ನೋಡಿದಳು. ನಗಲಿಲ್ಲ, ಕಣ್ಣೂ ತಪ್ಪಿಸಲಿಲ್ಲ.

"ಬಾ ಮುನಿ. ಇವರು ಅನಂತರಾಜು ಅಂತ, ಬೆಂಗಳೂರು ಕಂಪನಿಯವರು. ಬಾಡಿಗೆ ವ್ಯವಹಾರಕ್ಕೆ ರೆಡಿ ಸಾಫ್ಟ್‌ವೇರ್ ಮಾಡವ್ರೆ."

"ಯಾವ ಬಾಡಿಗೆ?"

"ಶಾಮಿಯಾನ, ಚೇರು, ಜೆಸಿಬಿ, ಎಲ್ಲಕ್ಕೂ ನಡೆಯುತ್ತೆ ಸಾರ್," ಅಂದ ಆತ.

"ಹುಳ ಯಾವತ್ತಾದ್ರೂ ನೋಡವ್ರಾ ಕೇಳು."

"ಒಸಿ ಕೂತ್ಕೊ. ಕಾಫಿ ತತ್ತೀನಿ."

"ಅವರಿಗೇ ಕೊಡು," ಅಂದು ಚಪ್ಪಲಿ ಮೆಟ್ಟಿದೆ.

ಅವಳದು ಮರಳವಾಡಿಯಲ್ಲಿ ಚಂದ್ರಿಕೆ ಬಾಡಿಗೆ. ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಎಂಟುನೂರು ಇವೆ, ಸುತ್ತಲ ಹಳ್ಳಿಗೆಲ್ಲ ಗೂಡ್ಸ್ ಆಟೋದಲ್ಲಿ ಹೋಗುತ್ತವೆ. ಯಾರ ಮನೆಯಲ್ಲಿ ಎಷ್ಟಿವೆ, ಅಲ್ಲಿಂದ ಮುಂದೆ ಯಾರಿಗೆ, ಎಲ್ಲ ಅವಳಪ್ಪ ಗಂಗಹನುಮಯ್ಯನವರ ತಲೆಯಲ್ಲಿತ್ತು. ಹೋದ ವರ್ಷ ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತು. ತಲೆಯಲ್ಲಿದ್ದದ್ದು ಅಲ್ಲೇ ಉಳಿಯಿತು.

ಈ ಕಸುಬಿನಲ್ಲಿ ಯಾರೂ ತಾರೀಖು ಹೇಳಿ ಬುಕ್ ಮಾಡುವುದಿಲ್ಲ. ಹುಳ ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. "ನಾಲ್ಕನೇ ಜ್ವರ ಎದ್ದವೆ ಕಣವ್ವ" ಅಂತ ಫೋನ್ ಬಂದರೆ ವಾರದೊಳಗೆ ಹುಳ ಹಣ್ಣಾಗುತ್ತದೆ, ಚಂದ್ರಿಕೆ ಕಳಿಸು ಅಂತ ಅರ್ಥ. ಸೆಕೆ ಜಾಸ್ತಿಯಾದರೆ ಒಂದು ದಿನ ಮೊದಲು, ಚಳಿಯಾದರೆ ಒಂದು ದಿನ ತಡ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಚಂದ್ರಿಕೆ ಸಿಗದಿದ್ದರೆ ಸೊಪ್ಪಿನ ಮೇಲೇ ನೂಲು ಉಗುಳಿ ಹಾಳಾಗುತ್ತದೆ.

ಶಾಮಿಯಾನದ ಸಾಫ್ಟ್‌ವೇರಿಗೆ ಇದೇನು ಗೊತ್ತು? ನನ್ನದಕ್ಕೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹಾರೋಹಳ್ಳಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಫೋನಲ್ಲಿ ವೀಡಿಯೊ ನೋಡಿ ಕಲಿತು, ನಾಲ್ಕು ತಿಂಗಳು ತಿಣುಕಿ ಅವಳೊಬ್ಬಳಿಗಾಗಿ ಬರೆದದ್ದು. ಜ್ವರ ಎದ್ದ ದಿನ ಹಾಕಿದರೆ ಸಾಕು, ಯಾವ ಮನೆಯಿಂದ ಯಾವ ಮನೆಗೆ ಸಾಗಿಸಬೇಕು ಅಂತ ಅದೇ ತೋರಿಸುತ್ತಿತ್ತು. ಬಟನ್ನುಗಳಿಗೆ ಅವಳ ಹೈಸ್ಕೂಲ್ ಸೈಕಲ್ಲಿನ ನೀಲಿ ಬಣ್ಣ ಕೊಟ್ಟಿದ್ದೆ. ಅದನ್ನು ಅವಳು ಗುರುತು ಹಿಡಿದಿದ್ದಳೋ ಇಲ್ಲವೋ, ಕೇಳುವ ಧೈರ್ಯ ಬಂದಿರಲಿಲ್ಲ. ಒಂದು ತಿಂಗಳಿಂದ ಅದರಲ್ಲೇ ಕೆಲಸ ನಡೆದಿತ್ತು.

ಜ್ಯೋತಿ ಬೈಕಿನ ತನಕ ಹಿಂದೆಯೇ ಬಂದಳು.

"ನಂದು ಸರಿಯಿಲ್ಲ ಅನ್ನು, ಹೋಯ್ತೀನಿ," ಅಂದೆ.

"ಸರಿ ಐತೆ. ಅದಕ್ಕೇ ಭಯ."

"ಎಂಥ ಭಯ?"

ಬೈಕಿನ ಕನ್ನಡಿ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದಳು. ಕನ್ನಡಿಯೊಳಗೆ ಅವಳ ಒಂದು ಕಣ್ಣು ಮಾತ್ರ ಕಂಡಿತು. "ಈಗ ಹೇಳುದ್ರೆ ನಿಂಗೆ ಕೇಳ್ಸಲ್ಲ ಮುನಿ. ಕೋಪ ಇಳೀಲಿ."

ಇಳಿಯಲಿಲ್ಲ. ಅಂಗಡಿಯ ಶಟರ್ ಎಳೆದೆ, ಫೋನ್ ಆರಿಸಿದೆ, ಎರಡು ದಿನ ಯಾರ ಮುಖವೂ ನೋಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಫೋನ್ ಆನ್ ಮಾಡಿದರೆ ಹದಿನೇಳು ಮಿಸ್ಡ್ ಕಾಲ್, ಒಂದು ಮೆಸೇಜು: "ಲಿಸ್ಟ್ ಓಪನ್ ಆಗ್ತಿಲ್ಲ. ಬೋರಮ್ಮಕ್ಕನ ಹುಳ ಹಣ್ಣಾಗವೆ."

ಆಮೇಲೆ ಹೊಳೆಯಿತು. ನನ್ನ ಸಾಫ್ಟ್‌ವೇರ್ ಓಡುತ್ತಿದ್ದದ್ದು ನನ್ನ ಅಂಗಡಿಯ ಕಂಪ್ಯೂಟರಿನಿಂದ. ಶಟರ್ ಎಳೆಯುವಾಗ ಮೇನ್ ಸ್ವಿಚ್ಚನ್ನೂ ಆರಿಸಿ ಬಂದಿದ್ದೆ.

ಗಾಬರಿಯಲ್ಲಿ ಸ್ವಿಚ್ ಹಾಕುವುದನ್ನೂ ಬಿಟ್ಟು, ಹುಳ ಸಾಕುವ ಬೋರಮ್ಮನ ಮನೆಗೆ ಬೈಕ್ ಓಡಿಸಿದೆ. ಹಿಂದಿನ ದಿನ ಮಧ್ಯಾಹ್ನವೆಲ್ಲ ಜ್ಯೋತಿ ಅಪ್ಪನ ಎದುರು ಕೂತು ಒಂದೊಂದೇ ಮನೆಯ ಹೆಸರು ಹೇಳಿದ್ದಳಂತೆ. ಅವರು ತಲೆಯಾಡಿಸಿದ ಮನೆಗಳಿಗೆ ಹೋಗಿ ಖಾಲಿ ಚಂದ್ರಿಕೆ ಹುಡುಕಿ ತಂದಿದ್ದಳು. ಬೇಕಾದ್ದರಲ್ಲಿ ಅರ್ಧ ಸಿಕ್ಕಿತ್ತು.

"ಬಂದ್ಯಾ ಕಂಪ್ಯೂಟರ್ ಸಾಹೇಬ," ಅಂದಳು ಬೋರಮ್ಮ. "ಫೋನು ಜ್ವರಕ್ಕೆ ಕೂತಿತ್ತಾ?"

ಅಂಗಡಿಗೆ ಓಡಿ ಸ್ವಿಚ್ ಹಾಕಿ, ಲಿಸ್ಟ್ ನೋಡಿ ಉಳಿದ ಚಂದ್ರಿಕೆಗಳನ್ನು ಆಟೋದಲ್ಲಿ ತರುವಷ್ಟರಲ್ಲಿ ಮಧ್ಯಾಹ್ನ. ಜ್ಯೋತಿ ಎದುರು ಕೂತು ಹುಳ ಆರಿಸತೊಡಗಿದೆ. ಹಣ್ಣಾದ ಹುಳ ಒಳಗೆ ದೀಪ ಇಟ್ಟ ಹಾಗೆ ಹೊಳೆಯುತ್ತದೆ, ಬೆರಳಿಗೆ ತಣ್ಣಗೆ ಹತ್ತುತ್ತದೆ. ಒಂದೇ ಹುಳಕ್ಕೆ ಇಬ್ಬರ ಕೈಯೂ ಹೋಯಿತು. ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎರಡು ದಿನದ ನಿದ್ದೆಗೆಟ್ಟ ಕಣ್ಣಲ್ಲಿ ನೋಡಿದಳು. ಅದರಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಯ್ಯಿ," ಅಂದೆ.

"ಟೈಮಿಲ್ಲ. ಹುಳ ಹಾಕು."

ಕಾಲು ಭಾಗ ಬೆಳೆ ಹೋಗಿತ್ತು. ನೂಲು ಸುತ್ತಿಕೊಂಡ ಸೊಪ್ಪನ್ನು ಬೋರಮ್ಮ ಮಂಕರಿಗೆ ತುಂಬುತ್ತಿದ್ದಳು. ತಪ್ಪು ನಂದು ಕಣಕ್ಕ ಅಂದೆ. "ಗೊತ್ತು," ಅಂದಳು, ಅಷ್ಟೇ.

ಆಟೋ ಹತ್ತಿರ ಜ್ಯೋತಿಗೆ ಹೇಳಿದೆ: "ಬೆಂಗಳೂರಿನವರದ್ದೇ ತಗೊ. ಅಲ್ಲಿ ಒಬ್ಬ ಮುನಿಸ್ಕೊಂಡ್ರೆ ಇನ್ನೊಬ್ಬ ಫೋನ್ ಎತ್ತುತಾನೆ. ನಂದ್ರಲ್ಲಿ ನಾನೊಬ್ನೇ."

ಬೇಡ ಅಂತಾಳೆ ಅಂದುಕೊಂಡಿದ್ದೆ.

"ಹೂಂ. ತಗೊತೀನಿ," ಅಂದಳು.

ತಗೊಂಡಳು. ಅದರಲ್ಲಿ ಜ್ವರಕ್ಕೆ ಜಾಗವಿಲ್ಲ. ಷರಾ ಕಾಲಮ್ಮಿನಲ್ಲಿ ಬರೆದುಕೊಂಡು, ದಿನಾ ಬೆಳಿಗ್ಗೆ ಒಂದೊಂದು ಮನೆಗೂ ತಾನೇ ಫೋನ್ ಮಾಡುತ್ತಾಳಂತೆ. ಹಳೇ ವಿವರವನ್ನೆಲ್ಲ ಕಳಿಸಿಕೊಟ್ಟೆ. ನೀಲಿ ಬಟನ್ನುಗಳನ್ನು ಡಿಲೀಟ್ ಮಾಡುವಾಗ ಮೌಸು ಒಡೆದುಹಾಕುವಷ್ಟು ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಹತ್ತು ದಿನ ಕಳೆದು, ಒಂದು ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತಿದ್ದಳು.

"ಏನು, ಜೆರಾಕ್ಸಾ?"

"ಅಲ್ಲ."

"ಡೇಟಾ ಏನಾದ್ರೂ ಬಿಟ್ಟೋಯ್ತಾ?"

"ಎಲ್ಲಾ ಬಂತು."

"ಮತ್ತೆ?"

ಸ್ಟೂಲ್ ಎಳೆದುಕೊಂಡು ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಿನ್ನ ಸಾಫ್ಟ್‌ವೇರ್ ಇಟ್ಕೊಂಡು ನಾಳೆ ನಿಂಗೆ ಹೂಂ ಅಂದಿದ್ರೆ, ವ್ಯವಹಾರ ನಡೀಲಿ ಅಂತ ಅಂದ್ನೋ, ನೀನೇ ಬೇಕು ಅಂತ ಅಂದ್ನೋ, ನಂಗೇ ಗೊತ್ತಾಯ್ತಿರ್ಲಿಲ್ಲ. ನಿನ್ನ ಜೊತೆ ಜಗಳ ಆಡೋಕೂ ಹೆದರ್ಬೇಕಿತ್ತು. ಅವತ್ತು ಬೈಕ್ ಹತ್ರ ಹೇಳ್ಬೇಕು ಅಂದಿದ್ದು ಇದೇ."

"ಈಗ?" ಅಂದೆ.

"ಈಗ ನಿನ್ನ ಹತ್ರ ನಂಗೆ ಒಂದು ಕೆಲಸಾನೂ ಇಲ್ಲ." ಕಣ್ಣೆತ್ತಿ ನೋಡಿದಳು. "ಆದ್ರೂ ಬಸ್ ಹತ್ತಿ ಬಂದಿವ್ನಿ."

ಫ್ಯಾನನ್ನು ಅವಳ ಕಡೆ ತಿರುಗಿಸಿದೆ.

"ಭಾನುವಾರ ಅಪ್ಪನ್ನ ಕೇಳೋಕೆ ಬಾ," ಅಂದಳು. "ಅವರಿಗೆ ಒಂದು ಮಾತು ಹೊರಡೋಕೆ ಬಲು ಹೊತ್ತಾಯ್ತದೆ. ಸಿಟ್ಟು ಮಾಡ್ಕೊಂಡು ಎದ್ದು ಬರಂಗಿಲ್ಲ."

"ಕಾಯ್ತೀನಿ," ಅಂದೆ.