ಎಡಗಾಲಿನ ಬೂಟು

ಫೆಬ್ರವರಿ ಒಂಬತ್ತು, ಬೆಳಿಗ್ಗೆ 8.20. ಮರುಭೂಮಿಯಲ್ಲಿದ್ದ ಅಮೆರಿಕನ್ ಸೇನೆಯ ಸೆರೆಮನೆಯಿಂದ ಹೋಮ್ ಎಂಬ ನರ್ಸ್ ಬರೆದ ದೂರು ತನಿಖಾಧಿಕಾರಿ ಮೇಜರ್ ಜನರಲ್ ರೆನಾಟೊ ದುಮ್ಲಾವೊ ಅವರ ಮೇಜಿಗೆ ಬಂತು. ಯಾಸೀನ್ ಎಂಬ ಕೈದಿ ಕುತ್ತಿಗೆ ಮುರಿದು ಸತ್ತಿದ್ದ. ರಿಜಿಸ್ಟರಿನಲ್ಲಿ 'ಮಂಚದಿಂದ ಬಿದ್ದು ಸಾವು' ಎಂದಿತ್ತು. ಕೈದಿಗಳ ಕೋಣೆಗಳಲ್ಲಿ ಮಂಚವೇ ಇರಲಿಲ್ಲ. ದೂರಿನ ಜೊತೆಗೆ, ಕಾವಲಿನವರು ಹಲ್ಲು ಕಿರಿಯುತ್ತ ಹಂಚಿಕೊಂಡಿದ್ದ ಒಂದು ಫೋಟೊ: ಬೆತ್ತಲೆ ಮಲಗಿಸಿದ ಯಾಸೀನ್, ಅವನ ಕುತ್ತಿಗೆಯ ಮೇಲೊಂದು ಬೂಟು. ತುಳಿದವನ ಮುಖ ಫೋಟೊದಲ್ಲಿರಲಿಲ್ಲ.

ದುಮ್ಲಾವೊ ಅವರಿಗೆ ಮೈಯೆಲ್ಲ ಉರಿದುಹೋಯಿತು. ಹತ್ತನೆಯ ವಯಸ್ಸಿಗೆ ಫಿಲಿಪೀನ್ಸಿನ ಇಲೋಕೋಸ್‌ನಿಂದ ಅಮೆರಿಕದ ಹವಾಯಿಗೆ ಬಂದವರು. ಈ ಸಮವಸ್ತ್ರ ಹಾಕಿದವರು ಇಂಥದ್ದು ಮಾಡುವುದಿಲ್ಲವೆಂದು ನಂಬಿಯೇ ಅದನ್ನು ಹಾಕಿಕೊಂಡಿದ್ದರು. ಥೂ, ಎಂಥ ಹಾಳು ಜನ!

10.00. ಕಾವಲು ಪಡೆಯ ಕ್ಯಾಪ್ಟನ್ ಕ್ರೋವೆಲ್ ವಿಚಾರಣೆ.

"ಯಾರು ಮಾಡಿದ್ದು?"

"ಸಿಪಾಯಿ ಪ್ರುಯಿಟ್, ಸರ್. ಆರೋಪಪಟ್ಟಿ ಟೈಪ್ ಆಗಿದೆ. ನೀವೊಂದು ಸೈನ್ ಹಾಕಿದ್ರೆ ಮುಗೀತು."

"ನೀವೆಲ್ಲಿದ್ರಿ?"

"ಆಫೀಸಲ್ಲಿ."

11.15. ಪ್ರುಯಿಟ್.

"ಫೋಟೊ ತೆಗ್ದಿದ್ದು ನಾನೇ ಸರ್. ತುಳಿದಿದ್ದು ನಾನಲ್ಲ."

"ಮತ್ಯಾರು?"

"ಹೇಳಿದ್ರೆ ನನ್ನ ಬದುಕೋಕೆ ಬಿಡಲ್ಲ."

ಸುಮ್ಮನಿದ್ದರೆ ಅವನಿಗೆ ಜೀವಾವಧಿ. ಸಹಾಯಕ ಅಧಿಕಾರಿ ಲೋರ್ನಾ ಅಗ್ಬಯಾನಿ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಅವಳೂ ಇಲೋಕೋಸ್‌ನವಳೇ. ಯಾರೂ ಇಲ್ಲದಾಗ ಜನರಲ್ ಅವಳಿಗೆ ಅಣ್ಣ.

"ಅಣ್ಣಾ, ಇದನ್ನ ಕೆದಕಿದ್ರೆ ನಿಮ್ಮ ಬಡ್ತಿ ಹೋಯ್ತು ಅಂತಾನೇ ತಿಳ್ಕೊಳ್ಳಿ."

"ಹಾಳಾಗ್ ಹೋಗ್ಲಿ. ಭೂತಗನ್ನಡಿ ಕೊಡು."

ಬಾಂಬಿಗೆ ದೇಹ ಛಿದ್ರವಾದರೂ ಗುರುತು ಸಿಗಲೆಂದು ಸೈನಿಕರು ಹೆಸರು ಕೆತ್ತಿದ ಬಿಲ್ಲೆಯೊಂದನ್ನು ಎಡಬೂಟಿನ ಲೇಸಿಗೆ ಪೋಣಿಸಿಕೊಳ್ಳುತ್ತಾರೆ. ಮುಖ ಮರೆಸಿಕೊಂಡವನು ಅದನ್ನು ಮರೆತಿದ್ದ. ಕನ್ನಡಿಯಡಿ, ಫೋಟೊದಲ್ಲಿದ್ದ ಎಡಬೂಟಿನ ಬಿಲ್ಲೆಯ ಅಕ್ಷರಗಳು ಒಂದೊಂದಾಗಿ ತಿಳಿದವು: ಕ್ರೋವೆಲ್.

ಸಂಜೆ 4.10. ಇಬ್ಬರು ಪಂಚರ ಎದುರು ಕ್ರೋವೆಲ್‌ನ ಬೂಟಿನ ಪಂಚನಾಮೆ. ಕ್ಯಾಪ್ಟನ್ ಕೂಗಾಡಿದ.

"ಎಲ್ಲಿಂದಲೋ ಬಂದು ನಮ್ಮ ಸೇನೆಯ ಮಾನ ಕಳೀತೀರಾ?"

"ನನ್ನದೂ ಇದೇ ಸೇನೆ ಕಣಯ್ಯಾ! ಮಾನ ಕಳೆದಿದ್ದು ನೀನು. ಬಿಚ್ಚು ಬೂಟು."

4.35ಕ್ಕೆ ಬಂಧನ. ಬರಿಗಾಲಲ್ಲಿ ಕೂತ ಕ್ರೋವೆಲ್‌ನ ದನಿ ತಗ್ಗಿತ್ತು.

"ಆ ಯಾಸೀನ್‌ನನ್ನ ಮೆತ್ತಗೆ ಮಾಡು, ಬಾಯಿ ಬಿಡಿಸು ಅಂತ ಮೇಲಿಂದ ದಿನಾ ಫೋನ್. ಮೊದಲನೇ ಸಲ ಹೊಡೆದಾಗ ಶಹಬ್ಬಾಸ್ ಅಂದ್ರು. ಹದಿನೈದು ವರ್ಷದ ನೌಕರಿಯಲ್ಲಿ ಯಾರೂ ನನಗೆ ಆ ಮಾತು ಅಂದಿರಲಿಲ್ಲ, ಸರ್."

"ಅಂದಿದ್ದು ಯಾರು?"

ಕ್ರೋವೆಲ್ ಹೆಸರು ಹೇಳಿದ. ದೊಡ್ಡ ಹೆಸರು. ಲೋರ್ನಾಳ ಪೆನ್ನು ನಿಂತಿತು. ಕಾವಲು ಪಡೆಯವರನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟಕೂಡದೆಂದು ತನಿಖೆಯ ಆದೇಶದಲ್ಲೇ ಇತ್ತು.

"ಬರ್ಕೋಬೇಕಾ?"

"ಬರ್ಕೊ. ಒಂದಕ್ಷರ ಬಿಡಬೇಡ."

ಪ್ರುಯಿಟ್ ಮೇಲಿನ ಕೊಲೆ ಆರೋಪ ರದ್ದಾಯಿತು. ಹನ್ನೊಂದು ವಾರದ ಮೇಲೆ ದುಮ್ಲಾವೊ ಅವರಿಗೆ ನಿವೃತ್ತಿಯ ಆದೇಶ ಬಂತು, ಜೊತೆಗೆ ಅವರದೇ ವರದಿಯ ಪ್ರತಿ. ಆ ಹೆಸರಿನ ಮೇಲೆ ಕಪ್ಪು ಬಳಿದಿದ್ದರು. ಜನರಲ್ ಪೆನ್ನು ತೆಗೆದು, ಪಕ್ಕದಲ್ಲೇ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಸಹಿ ಹಾಕಿ, ಬಂದಲ್ಲಿಗೇ ವಾಪಸು ಕಳಿಸಿದರು.