ಐವತ್ತು ಸಾವಿರದ ಒಂದು ರೂಪಾಯಿ ಮುಯ್ಯಿ

ಸೋಮವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಕಟ್ಟೆಮಳಲವಾಡಿಯ ಹಿಟ್ಟಿನ ಗಿರಣಿ ಚಲುವಯ್ಯ ಹುಣಸೂರಿನ ಠಾಣೆಗೆ ಬಂದು, ತನ್ನ ಮಗಳ ಮದುವೆಯ ಮುಯ್ಯಿಗೆ ಯಾರೋ ಕದ್ದ ದುಡ್ಡು ಹಾಕಿದ್ದಾರೆ ಎಂದು ದೂರು ಕೊಟ್ಟ. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಅಂಕಯ್ಯ ಪೆನ್ನು ಎತ್ತಿ ಅವನ ಮುಖ ನೋಡಿದ.

"ಮುಯ್ಯಿ ಕಡಿಮೆ ಬಂತು ಅಂತ ಗೊಣಗೋರ್ನ ನೋಡಿವ್ನಿ. ಜಾಸ್ತಿ ಬಂತು ಅಂತ ಠಾಣೆಗ್ ಬಂದೋನು ನೀನೇ ಮೊದಲು ಕಣಯ್ಯ."

"ತಮಾಸೆ ಮಾಡ್ಬೇಡಿ ಸಾ. ಬ್ಯಾಂಕ್ನೋರು ನನ್ ಖಾತೆ ಬಂದ್ ಮಾಡ್ಬುಟ್ಟವ್ರೆ. ಒಳಗಿರೋ ದುಡ್ಡು ಈಚೆಗ್ ಬರಂಗಿಲ್ಲ. ಅಡುಗೆ ಚಿಕ್ಕಮಾದು ದುಡ್ಡು ಕೊಡ್ರಿ ಅಂತ ಜಗಲಿ ಮೇಲೆ ಬಂದು ಕುಂತವ್ನೆ. ಬೀಗರ ಮುಂದೆ ನನ್ ಮಾನ ಏನಾಗ್ಬೇಡ."

ಇನ್ಸ್‌ಪೆಕ್ಟರ್ ಸಂಘಮಿತ್ರ ಅವನನ್ನು ಒಳಗೆ ಕರೆಸಿ ಕೂರಿಸಿದಳು. ಒಂದೊಂದೇ ಪ್ರಶ್ನೆ ಕೇಳಿದ ಮೇಲೆ ವಿಷಯ ಸ್ಪಷ್ಟವಾಯಿತು. ಭಾನುವಾರ ಚಲುವಯ್ಯನ ಮಗಳು ಮಧುಶ್ರೀಯ ಮದುವೆ. ಈಗ ಯಾರ ಜೇಬಿನಲ್ಲೂ ನೋಟಿಲ್ಲದ್ದರಿಂದ ಗಿರಣಿಯ ಕ್ಯೂಆರ್ ಕೋಡ್ ಫಲಕವನ್ನೂ, ದುಡ್ಡು ಬಂದಾಗ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯನ್ನೂ ಮುಯ್ಯಿ ಬರೆಯುವ ಮೇಜಿನ ಮೇಲೆ ಇಟ್ಟಿದ್ದರು. ನೂರೊಂದು ಹಾಕಿದವನ ಮುಯ್ಯಿಯನ್ನೂ ಪೆಟ್ಟಿಗೆ ಛತ್ರಕ್ಕೆಲ್ಲ ಕೇಳುವಂತೆ ಹೇಳುತ್ತಿತ್ತು. ಕೆಲವರು ನಾಚಿ ಇನ್ನೂರು ಸೇರಿಸಿದ್ದರು. ಧಾರೆ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಐವತ್ತು ಸಾವಿರದ ಒಂದು ರೂಪಾಯಿ ಎಂದಿತು. ಜನ ತಿರುಗಿ ನೋಡಿದರು. ಮೇಜಿನ ಮುಂದೆ ಯಾರೂ ಇರಲಿಲ್ಲ.

"ಯಾರ ಮೇಲಾದರೂ ಅನುಮಾನ ಇದೆಯಾ?"

"ನಮಗಾಗ್ದೋರು ಯಾರೋ ಮುಯ್ಯಿ ತೀರಿಸ್ಕೊಂಡವ್ರೆ ಮೇಡಮ್ಮೋರೆ."

ಮದುವೆಗೆ ಕೊಡುವುದಕ್ಕೂ ಸೇಡು ತೀರಿಸಿಕೊಳ್ಳುವುದಕ್ಕೂ ಅವನು ಒಂದೇ ಮಾತು ಬಳಸಿದ್ದ. ಎಲ್ಲರೂ ಬಳಸುವುದೇ ಆದರೂ ಆ ದಿನ ಅದು ಸಂಘಮಿತ್ರಳ ಕಿವಿಯಲ್ಲಿ ನಿಂತಿತು.

"ಎಷ್ಟು ಜನ ಮಕ್ಕಳು?"

"ಒಬ್ಳೇ," ಎಂದ ಚಲುವಯ್ಯ.

ಬ್ಯಾಂಕಿನ ವ್ಯವಸ್ಥಾಪಕರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಮಹಾರಾಷ್ಟ್ರದ ನಿವೃತ್ತ ನರ್ಸ್ ಒಬ್ಬರನ್ನು ಪೊಲೀಸರ ವೇಷದವರು ವಿಡಿಯೊ ಕಾಲ್‌ನಲ್ಲಿ ಹೆದರಿಸಿ ಆರು ಲಕ್ಷ ದೋಚಿದ್ದರು. ಆ ದುಡ್ಡು ಮೂರು ಖಾತೆ ಸುತ್ತಿ, ಅದರ ಒಂದು ತುಣುಕು ಚಲುವಯ್ಯನ ಗಿರಣಿಗೆ ಬಂದು ಬಿದ್ದಿತ್ತು. ಅಲ್ಲಿನ ಸೈಬರ್ ಪೊಲೀಸರ ಸೂಚನೆಯಂತೆ ಖಾತೆಯನ್ನೇ ತಡೆಹಿಡಿದಿದ್ದರು.

"ಪಾಪ, ಅವರದೇನೂ ತಪ್ಪಿಲ್ಲ ಅನ್ಸತ್ತೆ. ಆದ್ರೆ ಯಾಕೆ ಬಂತು ಅನ್ನೋದು ಗೊತ್ತಾಗೋವರೆಗೂ ಬಿಡೋ ಹಾಗಿಲ್ಲ," ಎಂದರು ವ್ಯವಸ್ಥಾಪಕರು.

ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ಕಾನ್ಸ್‌ಟೇಬಲ್ ಮಹೇಶ್‌ಕುಮಾರ್, ಕಳ್ಳರು ಕೈತಪ್ಪಿ ಬೇರೆ ಖಾತೆಗೆ ಹಾಕಿರಬೇಕು ಎಂದ. ಸಂಘಮಿತ್ರ ಒಪ್ಪಲಿಲ್ಲ. ಅವಳು ನೋಡುತ್ತಿದ್ದದ್ದು ಕೊನೆಯ ಅಂಕಿಯನ್ನು. ಮುಯ್ಯಿ ಸೊನ್ನೆಯಲ್ಲಿ ಮುಗಿಯಬಾರದು. ಅವಳ ತಾಯಿ ಐವತ್ತು ರೂಪಾಯಿ ಕೊಡಲೂ ಕಷ್ಟವಿದ್ದ ಕಾಲದಲ್ಲಿ ಆ ಮೇಲಿನ ಒಂದು ರೂಪಾಯಿಗಾಗಿ ಡಬ್ಬಿಗಳನ್ನೆಲ್ಲ ತಡಕಾಡುತ್ತಿದ್ದಳು. ದೂರದ ಊರಿನ ಕಳ್ಳನಿಗೆ ಈ ಒಂದು ರೂಪಾಯಿ ಬೇಕಿಲ್ಲ. ಇದು ಮುಯ್ಯಿಯೆಂದೇ ಬಂದ ದುಡ್ಡು. ಹಾಕಿದವನು ಕಳ್ಳ, ಹಾಕಿಸಿದವರು ಹತ್ತಿರದವರು.

"ಅಷ್ಟು ದೂರದೋನಿಗೆ ಗಿರಣಿಯ ಕೋಡ್ ಹೇಗೆ ಸಿಕ್ತು? ಯಾರೋ ಫೋಟೊ ತೆಗೆದು ಕಳಿಸಿದ್ದಾರೆ. ಅವರನ್ನ ಹುಡುಕಿ," ಎಂದಳು.

ಮಂಗಳವಾರ ಅವಳು ಕಟ್ಟೆಮಳಲವಾಡಿಗೆ ಹೋದಾಗ ಚಲುವಯ್ಯ ಪೇಟೆಗೆ ಹೋಗಿದ್ದ. ಅವನ ಹೆಂಡತಿ ಸುನಂದಮ್ಮ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಅಂಕಯ್ಯ ಮಿಶೀನು ನಿಲ್ಲಿಸಲು ಕೈ ಹಾಕಿದ.

"ಓಡ್ತಿರ್ಲಿ ಬುಡಣ್ಣ," ಎಂದಳು ಸುನಂದಮ್ಮ. "ಓಡ್ತಾ ಇದ್ರೇನೇ ನಂಗೆ ಮಾತಾಡಕ್ಕಾಗೋದು."

ಸಂಘಮಿತ್ರ ಅಂಕಯ್ಯನನ್ನು ಹೊರಗೆ ಕಳಿಸಿ ಹತ್ತಿರ ನಿಂತಳು.

"ಫಲಕದ ಫೋಟೊ ಯಾರಿಗೆ ಕಳಿಸಿದ್ರಿ?"

ಸುನಂದಮ್ಮ ಮೊರದಲ್ಲಿದ್ದ ಕಲ್ಲು ಆರಿಸಿ ಎಸೆದಳು. ಇನ್ನೊಂದು ಕಲ್ಲು ಹುಡುಕಿದಳು. ಸಿಗಲಿಲ್ಲ.

"ಮಕ್ಕಳು ಒಬ್ಬಳೇ ಅಂದವ್ರಾ ನಮ್ಮನೆಯೋರು?"

"ಹೌದು."

"ಇಬ್ರು ಕಣವ್ವ. ದೊಡ್ಡೋಳು ಅನುಶ್ರೀ. ನಾಕು ವರ್ಷದ ಕೆಳಗೆ ಅವಳಿಗಿಷ್ಟ ಬಂದೋನ್ನ ಕಟ್ಕಂಡು ಓಡೋದ್ಲು. ಕೆ.ಆರ್. ನಗರದಲ್ಲವ್ಳೆ. ಇವ್ರು ಅವಳ ಎಸ್ರು ಎತ್ತಂಗಿಲ್ಲ ಅಂದ್ಬುಟ್ರು. ದಿನಾ ಈ ಮಿಶೀನು ಸದ್ದಲ್ಲೇ ಅವಳ ಜೊತೆ ಮಾತಾಡ್ತೀನಿ. ಆಚೆ ಕುಂತಿರೋರ್ಗೆ ಏನೂ ಕೇಳ್ಸಾಕಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಹೋಗಲಿಲ್ಲ, ಹರಡಿತು. "ತಂಗಿಗೆ ಮುಯ್ಯಿ ಮಾಡ್ತೀನಿ, ಎಸ್ರಿಲ್ದಂಗೆ ಬತ್ತದೆ, ಒಂದು ಫೋಟ ಕಳ್ಸವ್ವ ಅಂದ್ಲು. ಕಳ್ಸ್ದೆ. ಈಗ ನಾನು ಯೋಳಿದ್ರಿಂದ ಅವಳಿಗೇನಾದ್ರೂ ಆಯ್ತದಾ?"

ಸಂಘಮಿತ್ರ ಅನುಶ್ರೀಯ ವಿಳಾಸ ಕೇಳಿದಳು. ಸುನಂದಮ್ಮ ಹೇಳಿದಳು. ಅವಳು ಮತ್ತೆ ರಾಗಿ ಸುರಿಯತೊಡಗಿದಳು.

ಸಂಘಮಿತ್ರ ಮಹೇಶ್‌ಕುಮಾರ್‌ನನ್ನು ಕರೆದುಕೊಂಡು ಹೋದಾಗ ಕೆ.ಆರ್. ನಗರದ ಬಾಡಿಗೆ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಯಾರೋ ರಗ್ಗು ಪೂರ್ತಿ ಹೊದ್ದು ಕೂತು, "ಮುಂದಿನ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಮುಂದಿನ ಬಸ್ಸು ಎಷ್ಟು ಗಂಟೆಗೆ ಬರುತ್ತದೆ" ಎಂದು ಓದುತ್ತಿದ್ದರು. ರಗ್ಗು ಸರಿಸಿ ಅನುಶ್ರೀ ಮುಖ ಹೊರಗೆ ಹಾಕಿದಳು. ಬೆವರಿದ್ದಳು. ಖಾಕಿ ಕಂಡು ಎದ್ದು ನಿಂತಳು.

ಅವಳ ಕೆಲಸವೇ ಅದು. ಹೊರದೇಶದ ಒಂದು ಕಂಪನಿಗೆ ಕನ್ನಡ ವಾಕ್ಯಗಳನ್ನು ಓದಿ, ಧ್ವನಿ ಕಳಿಸುವುದು. ಬೀದಿಯ ಸದ್ದು ಸೇರದಿರಲೆಂದು ರಗ್ಗು. ಸಂಬಳ ರೂಪಾಯಿಯಲ್ಲಲ್ಲ, ಫೋನಿನೊಳಗೆ ಬಂದು ಕೂರುವ ಕ್ರಿಪ್ಟೊ ಡಾಲರ್ ಕಾಯಿನ್‌ನಲ್ಲಿ.

"ಅದ್ರಲ್ಲಿ ಸಂಸಾರ ನಡೆಯತ್ತಾ?" ಸಂಘಮಿತ್ರ ಕೇಳಿದಳು.

"ಎಲ್ಲಿ ನಡೀತದೆ ಮೇಡಮ್. ಫೋನ್ ರೀಚಾರ್ಜ್ ಮಾಡ್ಬೋದು. ಆನ್‌ಲೈನ್ ಅಂಗಡಿ ಗಿಫ್ಟ್ ಕಾರ್ಡ್ ತಗೋಬೋದು. ಅದ್ರಲ್ಲಿ ಒಂದು ಕುಕ್ಕರ್ ತರಿಸ್ದೆ, ನಮ್ಮೋರ್ಗೆ ಒಂದ್ ಜೊತೆ ಶೂ. ಬಾಡಿಗೆಗಾಗಲ್ಲ, ಗ್ಯಾಸಿಗಾಗಲ್ಲ, ಬಸ್ಸಿಗಾಗಲ್ಲ. ಒಂದ್ಸಲ ತರಕಾರಿ ಚಿಕ್ಕಬೀರಮ್ಮಂಗೆ ತೋರಿಸ್ದೆ. ಇದ್ರಲ್ಲಿ ಗಾಂಧಿ ಎಲ್ಲವ್ನೆ ತೋರ್ಸು ಅಂದ್ರು. ಒಂದು ಕಟ್ಟು ಸೊಪ್ಪು ಕೊಡ್ಲಿಲ್ಲ."

ಮಹೇಶ್‌ಕುಮಾರ್ ನಕ್ಕ. ಅನುಶ್ರೀಯೂ ಸ್ವಲ್ಪ ನಕ್ಕಳು.

"ಮತ್ತೆ ರೂಪಾಯಿ ಮಾಡೋದು ಹೇಗೆ?"

"ಕಾಯಿನ್ ಬೇಕಾದೋರ್ಗೆ ಮಾರ್ಬೇಕು. ಅವ್ರು ನಾವು ಹೇಳಿದ ಖಾತೆಗೆ ರೂಪಾಯಿ ಹಾಕ್ತಾರೆ. ಪಿರಿಯಾಪಟ್ಟಣದ ಮೊಬೈಲ್ ಅಂಗಡಿ ರಘು ಗಿರಾಕಿ ಹುಡುಕಿಕೊಡ್ತಾರೆ."

"ನಿಮ್ಮ ಖಾತೆಗೇ ಹಾಕಿಸಿಕೊಂಡು ತಂಗಿಗೆ ಕಳಿಸಬಹುದಿತ್ತಲ್ಲ."

"ನನ್ ಎಸ್ರು ಕಂಡ್ರೆ ಅಪ್ಪ ವಾಪಸ್ ಬಿಸಾಕ್ತಿದ್ರು."

ಅದು ಹೌದೆನಿಸಿತು. ಎಂಟು ತಿಂಗಳು ರಗ್ಗಿನೊಳಗೆ ಕೂತು ಸಂಪಾದಿಸಿದ್ದು, ಬೀದಿಯಲ್ಲಿ ಚಲಾವಣೆಯಾಗದ ದುಡ್ಡು. ಅದನ್ನು ಕೊಡಬೇಕೆಂದಿದ್ದ ಮನೆಯಲ್ಲಿ ಚಲಾವಣೆಯಾಗದ ಹೆಸರು. ಎರಡನ್ನೂ ಮರೆಸಿ ದಾಟಿಸಲು ಅವಳಿಗೆ ಮುಯ್ಯಿಯ ಮೇಜು ಕಂಡಿತ್ತು.

"ರಘು ಕೊಟ್ಟ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರಾ?"

ಅನುಶ್ರೀ ರಗ್ಗು ಮಡಚತೊಡಗಿದಳು.

"ಫೋನ್ ಕೊಡಿ. ರಘು ಜೊತೆ ಆಡಿದ ಮಾತು ಎಲ್ಲಿ?"

"ಅಳಿಸ್ಬುಟ್ಟೆ. ಖಾತೆ ಬಂದ್ ಆಯ್ತು ಅಂತ ಅವ್ವ ಹೇಳಿದ್ಮೇಲೆ ಎದರಿಕೆ ಆಯ್ತು."

ಬುಧವಾರ ಪಿರಿಯಾಪಟ್ಟಣದಲ್ಲಿ ರಘುವಿನ ಅಂಗಡಿಯ ತಪಾಸಣೆ ನಡೆಯಿತು. ಪಕ್ಕದ ಬೇಕರಿಯವನೂ ಝೆರಾಕ್ಸ್ ಅಂಗಡಿಯವನೂ ಪಂಚಸಾಕ್ಷಿಗಳಾಗಿ ನಿಂತರು. ಮೊಬೈಲ್ ಕವರುಗಳ ಹಿಂದಿನ ಖಾನೆಯಲ್ಲಿ ಬೇರೆ ಬೇರೆಯವರ ಹೆಸರಿನ ಎಟಿಎಂ ಕಾರ್ಡುಗಳು, ಸಿಮ್‌ಗಳು ಸಿಕ್ಕವು. ಎಲ್ಲವನ್ನೂ ಪಂಚನಾಮೆ ಬರೆದು ವಶಕ್ಕೆ ತೆಗೆದುಕೊಂಡರು.

"ನಾನು ಮಧ್ಯದೋನು ಮೇಡಮ್. ಕೊಡೋನೂ ಅಲ್ಲ, ತಗೊಳ್ಳೋನೂ ಅಲ್ಲ," ಎಂದ ರಘು.

"ನಾವೂ ಮಧ್ಯದೋರೇ ಕಣಪ್ಪ, ನಿನಗೂ ಜೈಲಿಗೂ," ಎಂದ ಅಂಕಯ್ಯ.

"ಅನುಶ್ರೀಗೆ ಏನು ದರ ಹೇಳಿದ್ದೆ?" ಸಂಘಮಿತ್ರ ಕೇಳಿದಳು.

"ಎರಡು ದರ ಮೇಡಮ್. ಒಂದು ಕಾಯಿನ್‌ಗೆ ಕ್ಲೀನ್ ಆದ್ರೆ ಎಂಬತ್ತೆಂಟು ರೂಪಾಯಿ. ಮಿಕ್ಸ್ ಆದ್ರೆ ತೊಂಬತ್ತಾರು."

"ಮಿಕ್ಸ್ ಅಂದರೆ?"

"ಅಂದ್ರೆ... ಎಲ್ಲಾ ತರದ ದುಡ್ಡೂ ಇರ್ತದೆ. ಕೇಳ್ಬಾರ್ದು."

ಅನುಶ್ರೀ ಅಳಿಸಿದ್ದು ರಘುವಿನ ಫೋನಿನಲ್ಲಿ ಹಾಗೇ ಇತ್ತು. ಕ್ಲೀನ್ ದರಕ್ಕೆ ಅವಳ ಕಾಯಿನ್‌ಗಳೆಲ್ಲ ಸೇರಿ ನಲವತ್ತಾರು ಸಾವಿರವಾಗುತ್ತದೆ, ಮಿಕ್ಸ್ ಆದರೆ ಐವತ್ತು, ಆದರೆ ಮುಂದೆ ಏನಾದರೂ ಆದರೆ ತನ್ನನ್ನು ಕೇಳಬಾರದು ಎಂದು ಅವನು ಬರೆದಿದ್ದ. ಅರ್ಧ ಗಂಟೆ ಬಿಟ್ಟು ಅವಳ ಉತ್ತರ: "ಮಿಕ್ಸೇ ಇರಲಿ ಅಣ್ಣ. ಕೊನೇಲಿ ಒಂದು ರೂಪಾಯಿ ಸೇರಿಸಿ."

ಸಂಘಮಿತ್ರ ಅದನ್ನು ಎರಡು ಸಲ ಓದಿದಳು. ಅಲ್ಲಿಯವರೆಗೂ ಅನುಶ್ರೀಯನ್ನು ಸಾಕ್ಷಿ ಮಾಡಬಹುದೆಂಬ ಆಸೆ ಅವಳಿಗಿತ್ತು. ಆ ಅರ್ಧ ಗಂಟೆ ಅದನ್ನು ತೆಗೆದುಬಿಟ್ಟಿತು. ಹುಡುಗಿ ಯೋಚಿಸಿ ಒಪ್ಪಿದ್ದಳು. ನಂತರ ಸಾಕ್ಷ್ಯ ಅಳಿಸಿದ್ದಳು. ಮಹಾರಾಷ್ಟ್ರದಲ್ಲಿ ಒಬ್ಬ ಮುದುಕಿ ತನ್ನ ಜೀವಮಾನದ ಉಳಿತಾಯ ಕಳೆದುಕೊಂಡು ಕೂತಿದ್ದಳು. ಅವಳೂ ಹೆಂಗಸೇ.

ಗುರುವಾರ ಅನುಶ್ರೀಯನ್ನು ಠಾಣೆಗೆ ಕರೆಸಿ ಫೋನಿನ ಮಾತುಗಳನ್ನು ಮುಂದಿಟ್ಟರು. ಅವಳು ಓದಿ ವಾಪಸು ಕೊಟ್ಟಳು.

"ನಾನು ಎಲ್ಲಾ ಹೇಳಿದ್ರೆ ಅಪ್ಪನ ಖಾತೆ ಬುಡ್ತಾರಾ?"

"ಆ ಐವತ್ತು ಸಾವಿರದ ಒಂದನ್ನ ತಡೆದು, ಉಳಿದದ್ದು ಬಿಡೋಕೆ ನಾನು ಪತ್ರ ಕೊಡ್ತೀನಿ."

"ಅಂಗಾದ್ರೆ ಬರ್ಕೊಳಿ."

ರಘು ಒಂದನೇ ಆರೋಪಿ, ಅನುಶ್ರೀ ಎರಡನೆಯವಳು. ಬಂಧನದ ಮೆಮೊ ಸಿದ್ಧವಾಯಿತು. ಅದಕ್ಕೆ ಮನೆಯವರೊಬ್ಬರ ಸಹಿ ಬೇಕು. ಮನೆಯವರು ಸಿಗದಿದ್ದರೆ ಊರಿನ ಗಣ್ಯರೊಬ್ಬರ ಸಹಿಯೂ ನಡೆಯುತ್ತದೆ. ಅವಳ ಗಂಡ ಚೇತನ್‌ಕುಮಾರ್ ಲಾರಿಯಲ್ಲಿ ಲೋಡು ಹೊತ್ತು ಕೇರಳಕ್ಕೆ ಹೋಗಿದ್ದ. ಫೋನಿನಲ್ಲಿ ವಿಷಯ ಕೇಳಿ, "ನಾನು ಬರೋವರ್ಗೂ ಅವಳ್ಗೆ ಒಡೀಬೇಡಿ ಸಾರ್" ಎಂದಷ್ಟೇ ಅಂದ. ಅದೇ ಹೊತ್ತಿಗೆ ಬ್ಯಾಂಕಿಗೆ ಕೊಡುವ ಪತ್ರಕ್ಕಾಗಿ ಚಲುವಯ್ಯ ಬಂದ. ಗೋಡೆಯ ಪಕ್ಕದ ಬೆಂಚಿನಲ್ಲಿದ್ದ ಮಗಳನ್ನು ನೋಡಿದ. ಅಂಕಯ್ಯ ನಡೆದದ್ದನ್ನು ಹೇಳಿದ. ಕೇಳುವಷ್ಟು ಹೊತ್ತೂ ಚಲುವಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಪತ್ರ ಬ್ಯಾಂಕಿಗೆ ಕೊಟ್ರೆ ಇವತ್ತೇ ದುಡ್ಡು ಕೊಡ್ತಾರಾ ಮೇಡಮ್ಮೋರೆ?"

"ನಾಳೆ ಸಿಗಬಹುದು. ಮೊದಲು ಇಲ್ಲೊಂದು ಸಹಿ ಬೇಕು. ಮಗಳ ಬಂಧನಕ್ಕೆ ಸಾಕ್ಷಿ."

ಅವನು ಕಾಗದವನ್ನು ದೂರ ಹಿಡಿದು ನಿಧಾನವಾಗಿ ಓದಿದ. ಸಂಘಮಿತ್ರ ಕುಟುಂಬದ ಸದಸ್ಯ ಎಂಬ ಜಾಗದಲ್ಲಿ ಬೆರಳಿಟ್ಟಳು. ಅವನು ಆ ಬೆರಳನ್ನು ದಾಟಿ ಕೆಳಗಿನ ಸಾಲಿನಲ್ಲಿ, ಊರಿನ ಗಣ್ಯರು ಎಂಬಲ್ಲಿ, ಸಹಿ ಮಾಡಿದ. ಸ್ಫುಟವಾದ ಸಹಿ. ಪೆನ್ನಿನ ಕ್ಯಾಪು ಹಾಕಿ, ಮೇಜಿನ ಮೇಲಿಟ್ಟು, ಪತ್ರ ಮಡಚಿಕೊಂಡು ಹೊರಟ. ಅವನು ಮೆಟ್ಟಿಲು ಇಳಿಯುವವರೆಗೂ ಅನುಶ್ರೀ ಅವನ ಬೆನ್ನು ನೋಡಿದಳು. ಅಳಲಿಲ್ಲ.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಸಂಘಮಿತ್ರ "ಹೆಚ್ಚಿನ ದರದ ಆಸೆ" ಎಂದು ಬರೆದಳು. ಕಾನೂನಿಗೆ ಅಷ್ಟು ಸಾಕಿತ್ತು. ಅವಳಿಗೆ ಸಾಲಲಿಲ್ಲ. ಸಂಜೆ ನ್ಯಾಯಾಧೀಶರು ಕರೆಯುವುದನ್ನು ಕಾಯುತ್ತ ಹುಣಸೂರಿನ ಕೋರ್ಟಿನ ಜಗಲಿಯಲ್ಲಿ ಕೂತಿದ್ದಾಗ ಕೇಳಿದಳು.

"ನಲವತ್ತಾರಕ್ಕೆ ನಿಲ್ಲಿಸಿದ್ದರೆ ನೀವು ಇಲ್ಲಿ ಕೂರ್ತಿರಲಿಲ್ಲ. ನಾಲ್ಕು ಸಾವಿರಕ್ಕೋಸ್ಕರ ಯಾಕಮ್ಮ?"

ಅನುಶ್ರೀ ಕೈಯ ಬಳೆ ತಿರುಗಿಸುತ್ತಿದ್ದಳು.

"ನಾನು ಮನೆ ಬುಟ್ಟ ದಿನ ಅಪ್ಪ ಗಿರಣಿಗ್ ಬಂದೋರ್ಗೆಲ್ಲ ಹೇಳುದ್ರಂತೆ. ಓಡೋದ್ಲು ಬುಡಿ, ಅವಳ ಒಡವೆಗೆ ಅಂತ ಎತ್ತಿಟ್ಟಿದ್ದ ಐವತ್ತು ಸಾವ್ರ ಉಳೀತು ಅಂತ. ನಗ್ತಾ ಹೇಳುದ್ರಂತೆ. ಬಂದೋರೂ ನಗಾಡುದ್ರಂತೆ." ಬಳೆ ನಿಂತಿತು. "ಆ ಐವತ್ತು ಪೂರ್ತಿ ತೀರಿಸ್ಬೇಕಿತ್ತು. ನಲವತ್ತಾರು ಕೊಟ್ಟಿದ್ರೆ ಇನ್ನೂ ನಾಕು ಸಾವ್ರದ ನಗು ಅವರತ್ರ ಉಳ್ಕೊತಿತ್ತಲ್ಲ ಮೇಡಮ್."

ಒಳಗಿನಿಂದ ಜವಾನ ಅವಳ ಹೆಸರು ಕೂಗಿದ.